ಏರು ಎಷ್ಟು, ಆರಂಭ ಎಲ್ಲಿ? ಸರಳರೇಖೆಯ ಲೆಕ್ಕವೂ ಆರೋಗ್ಯದ ಲೆಕ್ಕವೂ

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿ, ಪುಣೆ–ಸೊಲ್ಲಾಪುರದ ಮಾರ್ಗವಾಗಿ ಊರಿಗೆ ಹೋಗಿಬರುವ ಕನ್ನಡಿಗರಿಗೆ ಕರ್ಜತ್ ನಿಲ್ದಾಣದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅಲ್ಲಿ ಬಹಳಷ್ಟು ಗಾಡಿಗಳು ಕೆಲಹೊತ್ತು ತಡೆದು ನಿಲ್ಲುತ್ತವೆ. ಪ್ರಯಾಣಿಕರು ಬಟಾಟೆವಡೆಯ ಪೊಟ್ಟಣ ಬಿಚ್ಚುವಷ್ಟರಲ್ಲಿ ಗಾಡಿಯ ಬೆನ್ನಿಗೆ ಹೆಚ್ಚಿನ ಎಂಜಿನ್ನುಗಳನ್ನು ಜೋಡಿಸಲಾಗುತ್ತದೆ. ಮುಂದಿರುವುದು 1863ರಲ್ಲಿ ಸಂಚಾರಕ್ಕೆ ತೆರೆದ ಭೋರ್ ಘಾಟ್. ಅಲ್ಲಿನ ಕಡಿದಾದ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಸಾಗುವಾಗ ಗಾಡಿ 1 ಮೀಟರ್ ಮೇಲಕ್ಕೇರಬೇಕು. ಕೇಳುವುದಕ್ಕೆ ಇದು ಅಲ್ಪವೆನಿಸೀತು. ಆದರೆ 20 ಬೋಗಿಗಳ, ಸುಮಾರು 480 ಮೀಟರ್ ಉದ್ದದ ಗಾಡಿ ಪೂರ್ತಿಯಾಗಿ ಆ ಏರಿನ ಮೇಲಿರುವಾಗ ಮೊದಲ ಬೋಗಿಯು ಕಡೆಯ ಬೋಗಿಗಿಂತ 13 ಮೀಟರಿನಷ್ಟು, ಎಂದರೆ ನಾಲ್ಕು ಅಂತಸ್ತಿನ ಕಟ್ಟಡದಷ್ಟು ಎತ್ತರದಲ್ಲಿರುತ್ತದೆ! ಹಿಂದಿನಿಂದ ನೂಕುವ ಎಂಜಿನ್ನುಗಳ ಅಗತ್ಯ ಆಗ ಮನವರಿಕೆಯಾಗುತ್ತದೆ.

ಪನವೇಲಿನಿಂದ ಕೊಂಕಣ ರೈಲಿನಲ್ಲಿ ಉಡುಪಿ, ಮಂಗಳೂರುಗಳಿಗೆ ಹೋಗುವ ನವಿ ಮುಂಬಯಿಯ ಬಂಧುಗಳಿಗೆ ಇಂಥ ತಡೆಯಿಲ್ಲ. 1998ರಲ್ಲಿ ಪೂರ್ಣಗೊಂಡ ಆ ಮಾರ್ಗದ ಏರು 150ಕ್ಕೆ 1ನ್ನು ಮೀರದಂತೆ ಸುರಂಗ, ಸೇತುವೆಗಳನ್ನು ಕಟ್ಟಿ ಹಳಿ ಹಾಸಲಾಗಿದೆ. ಒಂದು ಕಿಲೋಮೀಟರಿಗೆ ಭೋರ್ ಘಾಟಿನಲ್ಲಿ 27 ಮೀಟರ್ ಏರಿಕೆಯಾದರೆ ಇಲ್ಲಿ ಹೆಚ್ಚೆಂದರೆ 7 ಮೀಟರಿಗೂ ಕಡಿಮೆ.

ಶಾಲೆಯ ಗಣಿತದಲ್ಲಿ ಬರುವ ‘ಇಳಿಜಾರು’ ಎಂಬುದು ಇದೇ. ಎಷ್ಟು ಮೇಲೇರಿತು ಎಂಬುದನ್ನು ಎಷ್ಟು ಮುಂದೆ ಸಾಗಿತು ಎಂಬುದರಿಂದ ಭಾಗಿಸಿದರೆ ಬರುವ ಸಂಖ್ಯೆ. ಇಲ್ಲಿನ ಮರಾಠಿ ಶಾಲೆಯ ಮಕ್ಕಳು ಇದನ್ನೇ ರೇಖೆಯ ‘ಚಢ’ ಎಂದು ಕಲಿಯುತ್ತಾರೆ. ಮರಾಠಿಯು ಕೆಳಗೆ ನಿಂತು ಮೇಲೆ ನೋಡಿ ಏರು ಎಂದಿತು. ಕನ್ನಡವು ಮೇಲೆ ನಿಂತು ಕೆಳಗೆ ನೋಡಿ ಇಳಿಜಾರು ಎಂದಿತು. ಬೆಟ್ಟ ಒಂದೇ. ಕರ್ಜತಿನಿಂದ ಲೋಣಾವಳಕ್ಕೆ ಹೋಗುವವರಿಗೆ ಆ ಸಂಖ್ಯೆಯ ಚಿಹ್ನೆ ಅಧಿಕ, ಅತ್ತಣಿಂದ ಬರುವವರಿಗೆ ಋಣ. ಇಷ್ಟು ತಿಳಿದರೆ ಇಳಿಜಾರಿನ ಪಾಠ ಅರ್ಧ ಮುಗಿದಂತೆಯೇ.

ಉಳಿದರ್ಧ ‘ಆರಂಭ’ಕ್ಕೆ ಸಂಬಂಧಿಸಿದ್ದು. ಈ ಎರಡು ಮಾತುಗಳು ಮಕ್ಕಳ ಪರೀಕ್ಷೆಗೆ ಮಾತ್ರ ಸೇರಿದವಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ, ಜ್ವರದ ಕಡ್ಡಿಯಲ್ಲಿ, ರಕ್ತದೊತ್ತಡದ ಅಂಕೆಯಲ್ಲಿ ಇವೇ ಅಡಗಿ ಕುಳಿತಿವೆ. ಅಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಅಂಕವಲ್ಲ, ಆರೋಗ್ಯ.

ತ್ರೈರಾಶಿ ಎಡವುವ ಸ್ಥಳ

ಹಿಂದಿನ ತಲೆಮಾರಿನವರು ಕಲಿತ ವ್ಯವಹಾರ ಗಣಿತಕ್ಕೆ ತ್ರೈರಾಶಿಯೇ ಬೆನ್ನೆಲುಬು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಅದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಐದು ಸೇರು ಅಕ್ಕಿಗೆ ಇಷ್ಟಾದರೆ ಎಂಟು ಸೇರಿಗೆ ಎಷ್ಟು ಎಂಬಂಥ ಪ್ರಶ್ನೆಗಳಿಗೆ ಅದು ಎಂದೂ ತಪ್ಪದ ಸಾಧನ. ಆದರೆ ಅದಕ್ಕೊಂದು ನಿಬಂಧನೆಯುಂಟು: ಸೊನ್ನೆ ಸೇರಿಗೆ ಬೆಲೆಯೂ ಸೊನ್ನೆಯಾಗಿರಬೇಕು. ಆರಂಭದಲ್ಲಿಯೇ ಏನಾದರೂ ಸೇರಿಕೊಂಡಿದ್ದರೆ ತ್ರೈರಾಶಿ ಎಡವುತ್ತದೆ.

ಉದಾಹರಣೆಗೆ ಒಂದು ಸಂಘದ ವಾರ್ಷಿಕೋತ್ಸವವನ್ನು ಭಾವಿಸಬಹುದು. 200 ಜನ ಸೇರಿದರೆ ಒಟ್ಟು ವೆಚ್ಚ 70,000 ರೂಪಾಯಿ, 300 ಜನ ಸೇರಿದರೆ 95,000 ರೂಪಾಯಿ ಎಂದಿರಲಿ. 400 ಜನ ಸೇರಿದರೆ ಎಷ್ಟು? 200 ಜನರ ಲೆಕ್ಕವನ್ನೇ ಹಿಡಿದು ಇಮ್ಮಡಿ ಮಾಡಿದ ಖಜಾಂಚಿಯವರು 1,40,000 ಎಂದು ಬರೆದಾರು. ಅದು ತಪ್ಪು.

ಸರಿಯಾದ ಮಾರ್ಗವೂ ಕಠಿನವಲ್ಲ. 100 ಜನ ಹೆಚ್ಚಿದುದಕ್ಕೆ ವೆಚ್ಚ 25,000 ಹೆಚ್ಚಿತು. ಆದುದರಿಂದ ತಲೆಗೆ 250 ರೂಪಾಯಿ. ಇದು ಇಳಿಜಾರು. 200 ಜನರಿಗೆ ಈ ದರದಲ್ಲಿ 50,000 ಆಗಬೇಕಿತ್ತು, ಆದದ್ದು 70,000. ಮಿಕ್ಕ 20,000 ಒಬ್ಬರೂ ಬಾರದಿದ್ದರೂ ತೆರಬೇಕಾದ ಹಣ: ಸಭಾಗೃಹದ ಬಾಡಿಗೆ, ಧ್ವನಿವರ್ಧಕ, ಆಮಂತ್ರಣ ಪತ್ರಿಕೆಗಳ ಮುದ್ರಣ ಇತ್ಯಾದಿ. ಇದು ಆರಂಭ. ವೆಚ್ಚ = 250 × ಜನರ ಸಂಖ್ಯೆ + 20,000. ಆದ್ದರಿಂದ 400 ಜನರಿಗೆ 1,20,000 ರೂಪಾಯಿ. ಮಕ್ಕಳು ‘ವೈ ಈಕ್ವಲ್ಸ್ ಎಂಎಕ್ಸ್ ಪ್ಲಸ್ ಸಿ’ ಎಂದು ಬಾಯಿಪಾಠ ಮಾಡುವ ಸೂತ್ರ ಇದಲ್ಲದೆ ಬೇರೆಯಲ್ಲ. ಎಂ ಎಂಬುದು ಏರು, ಸಿ ಎಂಬುದು ಆರಂಭ.

ಫ್ರಾನ್ಸಿನ ದೆಕಾರ್ತ್ 1637ರಲ್ಲಿ ಪ್ರಕಟಿಸಿದ ವಿಚಾರದಿಂದ ಬೆಳೆದ ಪದ್ಧತಿಯಂತೆ ಇದನ್ನು ಚೌಕುಳಿ ಕಾಗದದ ಮೇಲೆ ಗೆರೆಯಾಗಿ ಬರೆಯಬಹುದು. ಜನರ ಸಂಖ್ಯೆ ಅಡ್ಡ ಅಕ್ಷದ ಮೇಲೆ, ಹಣ ಲಂಬ ಅಕ್ಷದ ಮೇಲೆ. ಗೆರೆಯು ಅಕ್ಷವನ್ನು ಕಡಿಯುವ ಸ್ಥಳಕ್ಕೆ ‘ಅಂತಃಛೇದ’ವೆಂದು ಹೆಸರು. ಅಡ್ಡ ಅಕ್ಷದ ಬೆಲೆಯನ್ನು ಸೊನ್ನೆಯೆಂದಿಟ್ಟರೆ ಲಂಬ ಅಕ್ಷದ ಅಂತಃಛೇದವೂ, ಲಂಬ ಅಕ್ಷದ ಬೆಲೆಯನ್ನು ಸೊನ್ನೆಯೆಂದಿಟ್ಟರೆ ಅಡ್ಡ ಅಕ್ಷದ ಅಂತಃಛೇದವೂ ದೊರೆಯುತ್ತವೆ.

ಈ ಎರಡನೆಯದರ ಪ್ರಯೋಜನವನ್ನೂ ಅದೇ ಉತ್ಸವದಲ್ಲಿ ಕಾಣಬಹುದು. ತಲಾ 300 ರೂಪಾಯಿ ವಂತಿಗೆ ಪಡೆದರೆ ಒಬ್ಬೊಬ್ಬರಿಂದ 50 ರೂಪಾಯಿ ಮಿಗುತ್ತದೆ. ಉಳಿಕೆ = 50 × ಜನರ ಸಂಖ್ಯೆ – 20,000. ಇದು ಸೊನ್ನೆಯಾಗುವುದು 400 ಜನರಿಗೆ. ಅಲ್ಲಿಯವರೆಗೆ ಸಂಘಕ್ಕೆ ನಷ್ಟ, ಅನಂತರ ಉಳಿತಾಯ. ಗೆರೆಯು ಅಡ್ಡ ಅಕ್ಷವನ್ನು ದಾಟುವ ಆ ಒಂದು ಸ್ಥಳವನ್ನು ಮೊದಲೇ ಕಂಡುಕೊಂಡ ಕಾರ್ಯಕಾರಿ ಸಮಿತಿಗೆ ನಿಶ್ಚಿಂತೆ.

ಆಟೋ ಮೀಟರಿನ ಪಾಠ

ಎಲ್ಲೆಡೆಯೂ ಆರಂಭದ ಹೊರೆ ಇರುತ್ತದೆಂದು ತಿಳಿಯುವುದೂ ಸಲ್ಲದು. 2025ರ ಫೆಬ್ರವರಿ 1ರಿಂದ ಮುಂಬಯಿ ಮಹಾನಗರ ಪ್ರದೇಶದಲ್ಲಿ ಜಾರಿಗೆ ಬಂದ ದರದಂತೆ ಆಟೋರಿಕ್ಷಾಕ್ಕೆ ಮೊದಲ ಒಂದೂವರೆ ಕಿಲೋಮೀಟರಿಗೆ 26 ರೂಪಾಯಿ, ಅನಂತರ ಪ್ರತಿ ಕಿಲೋಮೀಟರಿಗೆ 17.14 ರೂಪಾಯಿ. ಠಾಣೆಯಲ್ಲಿ ರಿಕ್ಷಾ ಹತ್ತಿದವರು 26 ರೂಪಾಯಿಯನ್ನು ‘ಕೂತದ್ದಕ್ಕೆ ಕೊಡುವ ಹಣ’ವೆಂದು ಗೊಣಗುವುದುಂಟು. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 17.14ನ್ನು ಒಂದೂವರೆಯಿಂದ ಗುಣಿಸಿದರೆ 25.71. ಆರಂಭವಾಗಿ ಉಳಿಯುವುದು 29 ಪೈಸೆ ಮಾತ್ರ! ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಹೆಚ್ಚುಕಡಮೆ ಸೊನ್ನೆಯಿಂದಲೇ ಹೊರಡುತ್ತದೆ. ಆದುದರಿಂದ ಇಲ್ಲಿ ತ್ರೈರಾಶಿಯೂ ನಡೆಯುತ್ತದೆ. 5 ಕಿಲೋಮೀಟರಿಗೆ ಮೀಟರಿನ ಲೆಕ್ಕ 86 ರೂಪಾಯಿ, ತ್ರೈರಾಶಿಯ ಲೆಕ್ಕ 87ಕ್ಕೆ ಸ್ವಲ್ಪ ಕಡಿಮೆ.

ಆದರೆ ಅರ್ಧ ಕಿಲೋಮೀಟರ್ ಹೋಗಿ ಇಳಿದವರೂ 26 ರೂಪಾಯಿಯನ್ನೇ ಕೊಡಬೇಕು. ಅಲ್ಲಿ ಈ ಗೆರೆ ಅನ್ವಯಿಸುವುದಿಲ್ಲ. ಪ್ರತಿಯೊಂದು ರೇಖೆಗೂ ಅದರದೇ ಆದ ಸರಹದ್ದು ಉಂಟು. ಅದರ ಹೊರಗೆ ಅದನ್ನು ಎಳೆದೊಯ್ಯಬಾರದು. ಆರೋಗ್ಯದ ಲೆಕ್ಕಕ್ಕೆ ಬರುವಾಗ ಈ ಮಾತನ್ನು ನೆನಪಿನಲ್ಲಿಡುವುದು ಅವಶ್ಯ.

ಒಂದು ಡಿಗ್ರಿ ಎಂದರೆ ಯಾವ ಡಿಗ್ರಿ?

ಮೊದಲು ಜ್ವರದ ಕಡ್ಡಿ. ಫಾರನ್‌ಹೀಟ್ ಮಾನ 1724ರದು, ಸೆಲ್ಸಿಯಸ್ ಮಾನ 1742ರದು. ನೀರು ಹೆಪ್ಪುಗಟ್ಟುವುದು ಸೆಲ್ಸಿಯಸ್ಸಿನಲ್ಲಿ 0, ಫಾರನ್‌ಹೀಟಿನಲ್ಲಿ 32. ಕುದಿಯುವುದು ಅದರಲ್ಲಿ 100, ಇದರಲ್ಲಿ 212. ಈ ಎರಡು ಬಿಂದುಗಳಿಂದ ಇಡೀ ರೇಖೆ ದೊರೆಯುತ್ತದೆ. 180ನ್ನು 100ರಿಂದ ಭಾಗಿಸಿದರೆ ಇಳಿಜಾರು 1.8, ಆರಂಭ 32. ಫಾರನ್‌ಹೀಟ್ ಸೊನ್ನೆಯಾಗುವುದು ಸೆಲ್ಸಿಯಸ್ಸಿನ ಋಣ 17.8ರಲ್ಲಿ. ಅದು ಅಡ್ಡ ಅಕ್ಷದ ಅಂತಃಛೇದ.

ಮನೆಯ ಹಿರಿಯರಿಗೆ 98.6 ಎಂಬ ಅಂಕೆ ಪರಿಚಿತ. ಮಗನೋ ಸೊಸೆಯೋ ಕೊಂಡುತಂದ ಹೊಸ ಉಪಕರಣ 39 ಎಂದು ತೋರಿಸುತ್ತದೆ. “ಮಾಮೂಲು 37, ಎರಡು ಡಿಗ್ರಿ ತಾನೆ ಹೆಚ್ಚು? ನೂರಾಚಿಲ್ಲರೆ ಇರಬಹುದು” ಎಂದು ಅಜ್ಜಿ ಮಗುವಿಗೆ ಕಷಾಯ ಕುಡಿಸಿ ಮಲಗಿಸುತ್ತಾರೆ. ನಿಜವಾಗಿ ಆ ಎರಡು ಡಿಗ್ರಿ ಫಾರನ್‌ಹೀಟಿನ 3.6 ಡಿಗ್ರಿ. ಮಗುವಿನ ಜ್ವರ 102.2! ವ್ಯತ್ಯಾಸವನ್ನು ಬದಲಿಸುವಾಗ ಆರಂಭದ 32 ಬೇಕಾಗಿಲ್ಲ, ಇಳಿಜಾರಿನ 1.8 ಮಾತ್ರ ಸಾಕು. ಪೂರ್ಣ ಅಂಕೆಯನ್ನು ಬದಲಿಸುವಾಗ ಎರಡೂ ಬೇಕು. ಈ ಭೇದವನ್ನು ಮರೆತರೆ ವೈದ್ಯರಲ್ಲಿಗೆ ಹೋಗಬೇಕಾದ ಹೊತ್ತು ತಪ್ಪಬಹುದು.

ಮೂರು ತಿಂಗಳ ಸಕ್ಕರೆ

ಮಧುಮೇಹಿಗಳು ಕಾಲಕಾಲಕ್ಕೆ ಮಾಡಿಸಿಕೊಳ್ಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಜನ ‘ಮೂರು ತಿಂಗಳ ಸಕ್ಕರೆ’ ಎನ್ನುತ್ತಾರೆ. ಅನೇಕ ಪ್ರಯೋಗಾಲಯಗಳ ವರದಿಯಲ್ಲಿ ಆ ಶೇಕಡಾವಾರು ಅಂಕೆಯ ಕೆಳಗೆ ‘ಅಂದಾಜು ಸರಾಸರಿ ಗ್ಲೂಕೋಸ್’ ಎಂಬ ಇನ್ನೊಂದು ಅಂಕೆ ಇರುತ್ತದೆ. ಅದನ್ನು ಪ್ರತ್ಯೇಕ ಪರೀಕ್ಷೆಯಿಂದ ಪಡೆದುದಲ್ಲ, ಒಂದು ಸರಳರೇಖೆಯಿಂದ ಗುಣಿಸಿ ಬರೆದದ್ದು. 2008ರಲ್ಲಿ ಪ್ರಕಟವಾದ, 507 ಜನರನ್ನು ಒಳಗೊಂಡ ಅಂತಾರಾಷ್ಟ್ರೀಯ ಅಧ್ಯಯನವೊಂದು ಕೊಟ್ಟ ಸೂತ್ರ ಹೀಗಿದೆ: ಸರಾಸರಿ ಗ್ಲೂಕೋಸ್ = 28.7 × ಎ1ಸಿ – 46.7. ಉತ್ತರವು ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂದು ಬರುತ್ತದೆ.

ಇದರಂತೆ ಎ1ಸಿ 7 ಇದ್ದರೆ ಸರಾಸರಿ 154, 8 ಇದ್ದರೆ 183, 9 ಇದ್ದರೆ 212. ಆರು ತಿಂಗಳು ಪಥ್ಯ ಮಾಡಿ, ಕಲ್ಯಾಣದ ಕಾಳಾ ತಲಾವಿನ ಸುತ್ತ ನಿತ್ಯ ನಡೆದು, 8ರಿಂದ 7ಕ್ಕೆ ಇಳಿಸಿದವರು “ಇಷ್ಟು ಕಷ್ಟಪಟ್ಟೂ ಒಂದೇ ಅಂಕೆ ಇಳಿಯಿತೆ?” ಎಂದು ನಿರಾಶರಾಗುವುದುಂಟು. ಇಳಿಜಾರನ್ನು ಬಲ್ಲವರು ಹಾಗೆನ್ನಲಾರರು. ಆ ಒಂದು ಅಂಕೆಯ ಹಿಂದೆ ಹಗಲಿರುಳಿನ ಸರಾಸರಿಯಲ್ಲಿ ಸುಮಾರು 29 ಮಿಲಿಗ್ರಾಂ ಇಳಿತವಿದೆ. ಹಾಗೆಯೇ ಆರಂಭವು ಋಣವಾಗಿರುವುದರಿಂದ ಇಲ್ಲಿ ತ್ರೈರಾಶಿ ಅಪಾಯಕರ. ಎ1ಸಿ 5ಕ್ಕೆ ಸರಾಸರಿ 97 ಆದರೆ 10ಕ್ಕೆ 194 ಅಲ್ಲ, 240. ಅಂಕೆ ಇಮ್ಮಡಿಯಾದಾಗ ಸಕ್ಕರೆ ಸುಮಾರು ಎರಡೂವರೆ ಪಟ್ಟಾಗಿರುತ್ತದೆ.

ಸರಹದ್ದಿನ ಮಾತು ಇಲ್ಲಿಯೂ ಬರುತ್ತದೆ. ಈ ರೇಖೆಯಂತೆ ಎ1ಸಿ 1.6ರ ಸುಮಾರಿಗೆ ಬಂದಾಗ ರಕ್ತದಲ್ಲಿ ಸಕ್ಕರೆಯೇ ಇರಕೂಡದು! ಜೀವಂತ ಮನುಷ್ಯನಿಗೆ ಅನ್ವಯಿಸದ ಅಂತಃಛೇದವದು. ಇನ್ನು ರೇಖೆ ಹೇಳುವುದು ಹಲವರ ಸರಾಸರಿಯನ್ನೇ ಹೊರತು ಒಬ್ಬೊಬ್ಬರ ಸತ್ಯವನ್ನಲ್ಲ. ಎ1ಸಿ 7 ಇರುವವರ ನಿಜವಾದ ಸರಾಸರಿ ಬಹುಮಟ್ಟಿಗೆ 123ರಿಂದ 185ರವರೆಗೆ ಎಲ್ಲಿಯಾದರೂ ಇರಬಹುದೆಂದು ಅದೇ ಅಧ್ಯಯನ ತೋರಿಸಿತು. ರಕ್ತಹೀನತೆ, ಥಲಸೀಮಿಯಾದಂಥ ತೊಂದರೆಗಳಿದ್ದರೆ ಎ1ಸಿ ಅಂಕೆಯೇ ದಾರಿ ತಪ್ಪಿಸೀತು. ಆದುದರಿಂದ ಕಡೆಯ ಮಾತು ವೈದ್ಯರದು.

ವಯಸ್ಸಿನ ಎರಡು ರೇಖೆಗಳು

ಠಾಣೆಯ ಉಪವನ ಸರೋವರದ ದಂಡೆಯಲ್ಲಿ, ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯ ಬದಿಯಲ್ಲಿ ಬೆಳಗಿನ ಜಾವ ಬಿರುಸಾಗಿ ನಡೆಯುವವರು ಕೈಗಡಿಯಾರದಲ್ಲಿ ನಾಡಿಬಡಿತ ನೋಡುವುದು ಈಗ ಸಾಮಾನ್ಯ. ಗರಿಷ್ಠ ಬಡಿತ 220ರಲ್ಲಿ ವಯಸ್ಸನ್ನು ಕಳೆದಷ್ಟು ಎಂಬುದು 1971ರಿಂದ ಬಳಕೆಯಲ್ಲಿರುವ ಸೂತ್ರ. ಅದರ ಇಳಿಜಾರು ಋಣ 1. ವರ್ಷಕ್ಕೊಂದು ಬಡಿತ ಕಡಿಮೆ. 2001ರಲ್ಲಿ ಬಂದ ಸುಧಾರಿತ ಸೂತ್ರದಂತೆ ಆರಂಭ 208, ಇಳಿಜಾರು ಋಣ 0.7. 40ರ ವಯಸ್ಸಿನಲ್ಲಿ ಎರಡು ರೇಖೆಗಳೂ 180ರಲ್ಲಿ ಸಂಧಿಸುತ್ತವೆ. 60ಕ್ಕೆ ಬಂದಾಗ ಹಳೆಯದು 160 ಎಂದರೆ ಹೊಸದು 166 ಎನ್ನುತ್ತದೆ. ಆರಂಭ ಬೇರೆ, ಏರು ಬೇರೆ ಆದ ಎರಡು ರೇಖೆಗಳು ಒಂದು ಕಡೆ ಒಪ್ಪಿದ ಮಾತ್ರಕ್ಕೆ ಎಲ್ಲ ಕಡೆಯೂ ಒಪ್ಪುವುದಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು. ಎರಡೂ ಸರಾಸರಿಗಳೇ. ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ ಸೇವಿಸುವವರಿಗಂತೂ ಎರಡೂ ಸಲ್ಲವು.

ಇನ್ನೊಂದು ರೇಖೆ ಇದಕ್ಕಿಂತ ಹೆಚ್ಚು ಹಾನಿ ಮಾಡಿದೆ. ಮೇಲಿನ ರಕ್ತದೊತ್ತಡವು ‘ನೂರಕ್ಕೆ ವಯಸ್ಸು ಕೂಡಿಸಿದಷ್ಟು’ ಇರಬಹುದೆಂಬ ಹಳೆಯ ನಂಬಿಕೆ ಇಂದಿಗೂ ಹಲವು ಮನೆಗಳಲ್ಲಿದೆ. ಆರಂಭ 100, ಇಳಿಜಾರು 1. ಡೊಂಬಿವಲಿಯ ಒಬ್ಬ ನಿವೃತ್ತ ಗುಮಾಸ್ತರನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು 70, ಒತ್ತಡ 165. “ನೂರೆಪ್ಪತ್ತರವರೆಗೆ ಅವಕಾಶವಿದೆ, ಐದು ಕಡಿಮೆಯೇ ಇದೆ” ಎಂದು ಅವರು ಮಾತ್ರೆಯ ಚೀಟಿಯನ್ನು ಪಂಚಾಂಗದೊಳಗೆ ಮಡಚಿಡುತ್ತಾರೆ. ಲೆಕ್ಕ ಸರಿಯಾಗಿದೆ, ರೇಖೆಯೇ ತಪ್ಪು. ವಯಸ್ಸಿನೊಂದಿಗೆ ಜನರ ಸರಾಸರಿ ಒತ್ತಡ ಏರುತ್ತದೆಂಬುದು ಕಂಡ ಸಂಗತಿ. ಹಾಗೆ ಏರಿದ್ದು ನಿರಪಾಯವೆಂಬುದು ಯಾರೂ ಸಿದ್ಧಪಡಿಸದ ಊಹೆ.

ಆ ಊಹೆ ಸುಳ್ಳೆಂದು ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ ತೋರಿಸಿತು. ಮೇಲಿನ ಒತ್ತಡ 160ಕ್ಕೆ ಕಡಿಮೆಯಿಲ್ಲದ, 60 ವರ್ಷ ದಾಟಿದ 4,736 ಜನರಲ್ಲಿ ಕೆಲವರಿಗೆ ಔಷಧಿಯನ್ನೂ ಉಳಿದವರಿಗೆ ಔಷಧಿಯಿಲ್ಲದ ಮಾತ್ರೆಯನ್ನೂ ಕೊಟ್ಟು ನೋಡಲಾಯಿತು. ಐದು ವರ್ಷಗಳಲ್ಲಿ ಔಷಧಿ ಪಡೆಯದವರಲ್ಲಿ ನೂರಕ್ಕೆ 8.2 ಜನ ಪಾರ್ಶ್ವವಾಯುವಿಗೆ ತುತ್ತಾದರೆ, ಪಡೆದವರಲ್ಲಿ 5.2 ಜನ. ಇಂದು ಸಾಮಾನ್ಯವಾಗಿ 140ಕ್ಕೆ 90 ಎಂಬುದನ್ನೇ ಅಧಿಕ ಒತ್ತಡದ ಗಡಿಯೆಂದು ವೈದ್ಯರು ಹಿಡಿಯುತ್ತಾರೆ. ವಯಸ್ಸನ್ನು ಕೂಡಿಸುವ ಪದ್ಧತಿಗೆ ಈಗ ಸ್ಥಾನವಿಲ್ಲ.

ಏರು ಹಣೆಬರಹವಲ್ಲ

ಇದಕ್ಕೂ ಮೂರು ವರ್ಷ ಮೊದಲು, 1988ರಲ್ಲಿ, ‘ಇಂಟರ್‌ಸಾಲ್ಟ್’ ಎಂಬ ಅಧ್ಯಯನದ ಫಲಿತಾಂಶ ಹೊರಬಿದ್ದಿತ್ತು. 32 ದೇಶಗಳ 52 ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತದೊತ್ತಡವನ್ನೂ, ಮೂತ್ರಪರೀಕ್ಷೆಯ ಮೂಲಕ ಅವರು ಸೇವಿಸುವ ಉಪ್ಪಿನ ಪ್ರಮಾಣವನ್ನೂ ಅಳೆಯಲಾಗಿತ್ತು. ಪ್ರತಿ ಕೇಂದ್ರಕ್ಕೂ ವಯಸ್ಸು ಮತ್ತು ಒತ್ತಡಗಳ ಒಂದೊಂದು ರೇಖೆಯ ಇಳಿಜಾರನ್ನು ಲೆಕ್ಕ ಹಾಕಿದರು. ಉಪ್ಪು ಹೆಚ್ಚು ತಿನ್ನುವ ಕಡೆ ಆ ಏರು ಕಡಿದಾಗಿತ್ತು. ಬ್ರೆಜಿಲಿನ ಕಾಡಿನಲ್ಲಿ ಬಹುತೇಕ ಉಪ್ಪಿಲ್ಲದೆ ಬದುಕುವ ಯಾನೊಮಾಮೋ ಜನರಲ್ಲಿ ವಯಸ್ಸು ಏರಿದರೂ ಒತ್ತಡ ಏರಿರಲಿಲ್ಲ. ಅವರ ರೇಖೆ ಹೆಚ್ಚುಕಡಮೆ ಮಟ್ಟಸ! ‘ವಯಸ್ಸಾದಂತೆ ಏರಲೇಬೇಕು’ ಎಂಬುದು ಪ್ರಕೃತಿಯ ಕಟ್ಟಳೆಯಾಗಿದ್ದರೆ ಹಾಗಾಗುತ್ತಿರಲಿಲ್ಲ.

ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚಕ್ಕೆ ಒಳಗಾದ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಊರಿನಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳ ಮೇಲೆ ಇಲ್ಲಿನ ವಡಾಪಾವ್, ಫರಸಾಣಗಳೂ ಸೇರಿದ ತಟ್ಟೆಯಲ್ಲಿ ಆ ಮಿತಿ ಯಾವಾಗ ಮೀರಿತೆಂಬುದೇ ತಿಳಿಯುವುದಿಲ್ಲ. ಊರಿನ ರುಚಿಯನ್ನು ಬಿಡಬೇಕೆಂದಲ್ಲ. ಮೂಗಿಗಿಂತ ಮೂಗುತಿ ಭಾರವಾಗಬಾರದು, ಅಷ್ಟೇ.

ಯಾವ ಮನೆತನದಲ್ಲಿ ಹುಟ್ಟಿದರು, ಯಾವ ವ್ಯಾಧಿಯ ಬೀಜ ತಂದೆತಾಯಿಗಳಿಂದ ಬಂದಿದೆ ಎಂಬುದು ರೇಖೆಯ ಆರಂಭ. ಅದನ್ನು ಯಾರೂ ಆರಿಸಿಕೊಳ್ಳಲಾರರು. ಆದರೆ ಅಲ್ಲಿಂದ ಮುಂದಿನ ಏರು ಬಹುಮಟ್ಟಿಗೆ ಊಟ, ನಡಿಗೆ, ನಿದ್ದೆ, ಔಷಧಿಗಳನ್ನು ಅವಲಂಬಿಸಿದೆ. ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಅಂಕೆಗಳ ವ್ಯತ್ಯಾಸವನ್ನು ಕಾಲದ ವ್ಯತ್ಯಾಸದಿಂದ ಭಾಗಿಸಿದರೆ ಆ ಏರಿನ ಅಂದಾಜು ಮನೆಯಲ್ಲಿಯೇ ದೊರೆಯುತ್ತದೆ. ಹತ್ತನೆಯ ತರಗತಿಯ ಮಗ ಅಥವಾ ಮಗಳ ಸಹಾಯ ಪಡೆದರೆ ಒಬ್ಬರಿಗೆ ಪಾಠವೂ ಇನ್ನೊಬ್ಬರಿಗೆ ಎಚ್ಚರವೂ ಆದೀತು. ಆ ಕಾಗದವನ್ನು ಮುಂದಿನ ಸಲ ವೈದ್ಯರ ಮುಂದಿಟ್ಟರೆ ಅವರಿಗೂ ಅನುಕೂಲ.

ಭೋರ್ ಘಾಟಿನ ಬೆಟ್ಟವನ್ನು ಯಾರೂ ಸರಿಸಲಿಲ್ಲ. ಹಳಿಯನ್ನು ಸುತ್ತಿ ಬಳಸಿ, ಸುರಂಗ ಕೊರೆದು, ಗಾಡಿ ಹತ್ತಬಲ್ಲಷ್ಟಕ್ಕೆ ಏರನ್ನು ತಂದರು. ಉಳಿದುದಕ್ಕೆ ಹಿಂದಿನಿಂದ ಎಂಜಿನ್ ಕೊಟ್ಟರು. ಪಥ್ಯ, ನಡಿಗೆಗಳಿಂದ ಏರನ್ನು ತಗ್ಗಿಸಿಕೊಂಡು, ಸಾಲದುದಕ್ಕೆ ಮಾತ್ರೆಯ ಆಸರೆ ಪಡೆಯುವವರು ಮಾಡುವುದೂ ಅದನ್ನೇ. ಪಂಚಾಂಗದೊಳಗೆ ಮಡಚಿಟ್ಟ ಚೀಟಿಯನ್ನು ಹೊರತೆಗೆಯುವುದಕ್ಕೆ ಬೇರೆ ಶುಭಮುಹೂರ್ತ ಬೇಕಾಗಿಲ್ಲ.